ನಾಲ್ಕನೇ ಸುಣ್ಣದ ಬೊಟ್ಟು

ಮೆಕ್ಯಾನಿಕ್ ಚಿಕ್ಕಮುನಿಯಪ್ಪನವರ ಬಾಯಿ ನೋಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಎಲೆ ಅಡಿಕೆಯ ರಸ ತುಟಿಯ ಎರಡೂ ತುದಿಗಳಲ್ಲಿ ಒಣಗಿ ಕರೆಗಟ್ಟಿರುತ್ತಿತ್ತು. ಮಾತಾಡುವಾಗ ರಸ ಚೆಲ್ಲದಿರಲೆಂದು ತಲೆಯನ್ನು ಒಂದಿಷ್ಟು ಮೇಲೆತ್ತಿ, ಕೆಳದುಟಿಯನ್ನು ಮುಂದಕ್ಕೆ ಚಾಚಿ ಹಿಡಿಯುತ್ತಿದ್ದರು. ಹಾಗಾಗಿ ಅವರ ಒಂದೊಂದು ಮಾತೂ ಒದ್ದೆಯಾಗಿಯೇ ಹೊರಬರುತ್ತಿತ್ತು. ಮಾತು ಮುಗಿದ ಮೇಲೆ ಪಕ್ಕದ ಮೋರಿಗೆ ಉಗಿಯುತ್ತಿದ್ದರು. ಮೋರಿಯ ಕಲ್ಲು ಒಂದು ಮಾರುದ್ದ ಕೆಂಪಾಗಿತ್ತು. ನಾನು ಶಿವಾಜಿನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಿನಿಂದ ಸಂಜೆಯವರೆಗೆ ಜನರ ರಕ್ತ ತೆಗೆಯುವವನು. ಆದರೂ ಆ ಕೆಂಪು ಕಂಡರೆ ನಾಲ್ಕು ಹೆಜ್ಜೆ ದೂರ ಹೋಗಿ ನಿಲ್ಲುತ್ತಿದ್ದೆ.

ನನ್ನ ಈ ಹೇಸಿಗೆಯ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು. ಬಸ್ಸಿನ ಕಂಬಿ ಹಿಡಿದರೆ ಕೈ ತೊಳೆಯಬೇಕು, ಹೋಟೆಲಿನ ಲೋಟ ಕೈಗೆ ಬಂದರೆ ಅಂಚು ನೋಡಬೇಕು. ನನ್ನ ಹೆಂಡತಿ ಸರೋಜ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಶುಚಿ ಎನ್ನುತ್ತಿದ್ದೆ. ಮುನಿಯಪ್ಪನವರನ್ನು ಎದುರಿಗೆ ‘ನೀವು’ ಎಂದರೂ ಮನಸ್ಸಿನೊಳಗೆ ಬಹಳ ವರ್ಷ ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯಲು ಕೂತಾಗ ಕೈ ತಾನಾಗಿಯೇ ‘ಅವರು’ ಎಂದು ಬರೆಯುತ್ತಿದೆ.

ನನ್ನ ಕಾರು ಚಿಕ್ಕದು, ಹಳೆಯದು. ಮೊದಲ ಸಲ ಅವರ ಬಳಿ ಹೋದಾಗಲೇ ಅದಕ್ಕೆ ಹತ್ತು ವರ್ಷ ದಾಟಿತ್ತು. ಹಂಪ್ ಹತ್ತಿ ಇಳಿದರೆ ಮುಂದುಗಡೆಯಿಂದ ‘ಕಟಕ್’ ಎಂದು ಸದ್ದು. ಕಲ್ಯಾಣ ನಗರದ ಒಂದು ಸರ್ವಿಸ್ ಸೆಂಟರಿಗೆ ತೋರಿಸಿದೆ. ಅಲ್ಲಿ ಎಸಿ ಹಾಕಿದ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಹನ್ನೊಂದು ಸಾಮಾನಿನ ಹೆಸರಿದ್ದ ಹಾಳೆಯೊಂದನ್ನು ಕೈಗಿಟ್ಟರು. ಚಕ್ರವನ್ನು ಹಿಡಿದುಕೊಂಡಿರುವ ಕಬ್ಬಿಣದ ತೋಳುಗಳಿಂದ ಹಿಡಿದು ಶಾಕ್ ಅಬ್ಸಾರ್ಬರಿನವರೆಗೆ ಎಲ್ಲ ಬದಲಾಯಿಸಬೇಕಂತೆ. “ಸರ್, ಹಳೆ ಗಾಡಿ ಅಲ್ವಾ, ಫುಲ್ ಸೆಟ್ ಹಾಕ್ಬಿಟ್ರೆ ನಿಮಗೂ ಟೆನ್ಷನ್ ಇರಲ್ಲ,” ಎಂದ ಟೈ ಕಟ್ಟಿದ ಹುಡುಗ. ಕಾರಿನ ಕೆಳಗೆ ಯಾರೂ ಇಣುಕಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಫಿಲೋಮಿನಾ ಮರ್ಫಿ ಟೌನಿನವಳು. ಹಾಳೆ ನೋಡಿ ನಕ್ಕಳು. “ನಮ್ ಏರಿಯಾದಲ್ಲಿ ಮುನಿಯಪ್ಪ ಅಂತ ಇದಾರೆ, ಹೋಗ್ರೀ. ಬೈತಾರೆ. ಆದ್ರೆ ಸುಮ್ಸುಮ್ನೆ ಏನೂ ಬಿಚ್ಚಲ್ಲ.”

ಗಲ್ಲಿಯ ಕೊನೆಯಲ್ಲಿ ತಗಡಿನ ಶೆಡ್ಡು. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೂ ತೆಳ್ಳಗೆ ಗ್ರೀಸಿನ ಜಿಡ್ಡು. ನೆಲಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹಾಸಿದ್ದರು. ನಗುವ ಮುಖಂಡರ ಮುಖದ ಮೇಲೆ ಮುನಿಯಪ್ಪನವರು ಅಂಗಾತ ಮಲಗಿ ಗಾಡಿಗಳ ಕೆಳಗೆ ಜಾರಿಕೊಳ್ಳುತ್ತಿದ್ದರು. ಅವತ್ತು ನಾನು ಕೊಟ್ಟ ಹಾಳೆಯನ್ನು ಪೂರ್ತಿ ಓದಿ, ನಾಲ್ಕಾಗಿ ಮಡಿಸಿ, ಅದರಲ್ಲೇ ಕೈ ಒರೆಸಿಕೊಂಡರು.

“ನಡೀರಿ ಸಾರ್, ಒಂದ್ ರೌಂಡ್ ಓಡ್ಸಿ.”

ಹಲಸೂರು ಕೆರೆಯ ಸುತ್ತ ಓಡಿಸಿದೆ. ಅವರು ಪಕ್ಕದ ಸೀಟಿನಲ್ಲಿ ಕೂತು, ಗಾಜು ಇಳಿಸಿ, ತಲೆ ಹೊರಗೆ ಹಾಕಿ ಸದ್ದು ಕೇಳುತ್ತಿದ್ದರು. ನನಗೆ ಸದ್ದಿನ ಚಿಂತೆಯಿರಲಿಲ್ಲ, ಬಾಗಿಲಿಗೆ ಉಗುಳಿಬಿಟ್ಟಾರು ಎಂಬ ಚಿಂತೆ. ವಾಪಸು ಬಂದು ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಕೆಳಗೆ ಜಾರಿ, ಸನ್ನೆಕೋಲಿನಿಂದ ಒಂದೊಂದು ಕೀಲನ್ನೂ ಮೀಟಿ ನೋಡಿದರು.

“ಆಟ ಇದೆ,” ಎಂಬ ಮಾತು ಕೆಳಗಿನಿಂದ ಬಂತು.

ಕೀಲಿನೊಳಗಿನ ಸಡಿಲಕ್ಕೆ ಮೆಕ್ಯಾನಿಕ್‌ಗಳು ಹೇಳುವ ಮಾತು ಅದು. ನಾನು ಗಾಬರಿಯಿಂದ, ಹಾಗಾದರೆ ಎಲ್ಲ ಬದಲಾಯಿಸಬೇಕೇ ಎಂದೆ. ಅವರು ಕಾರಿನ ಕೆಳಗಿನಿಂದ ಮುಖ ಮಾತ್ರ ಹೊರಗೆ ಹಾಕಿದರು. “ಆಟ ಇಲ್ದಿದ್ರೆ ಗಾಡಿ ಹೆಂಗ್ ತಿರುಗುತ್ತೆ ಸಾರ್? ಎಲ್ಲಾದ್ರಲ್ಲೂ ಆಟ ಇರ್ಬೇಕು. ಎಷ್ಟು ಅನ್ನೋದೇ ಲೆಕ್ಕ. ಕೈ ಕೊಡಿ ಇಲ್ಲಿ.”

ನನ್ನ ಕೈ ಹಿಡಿದು ಎಳೆದು ಯಾವುದೋ ಜಿಡ್ಡಿನ ಕಬ್ಬಿಣದ ಮೇಲೆ ಇಟ್ಟರು. ನಾನು ಕಣ್ಣಿನಲ್ಲೇ ನಲ್ಲಿ ಹುಡುಕುತ್ತಿದ್ದೆ. “ಇದು ಅಲ್ಲಾಡ್ತಿದೆ, ಆದ್ರೆ ಸದ್ದಿಲ್ಲ. ಇರ್ಲಿ. ಇದು ಬಿರುಕು ಬಿಟ್ಟಿದೆ, ಆದ್ರೆ ಹಿಡ್ಕಂಡಿದೆ. ಇರ್ಲಿ. ಈಗ ಇದ್ ನೋಡಿ,” ಎಂದು ಪೆನ್ನಿನಷ್ಟು ದಪ್ಪದ ಒಂದು ಸರಳನ್ನು ಅಲ್ಲಾಡಿಸಿದರು. ‘ಕಟಕ್’ ಎಂದಿತು. “ಹೋಗಿದೆ.” ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಎಲೆಗೆ ಹಚ್ಚುವ ಅದೇ ಬೆರಳಿನಿಂದ ಆ ಸರಳಿಗೆ ಒಂದು ಬೊಟ್ಟು ಇಟ್ಟರು. ಹನ್ನೊಂದರಲ್ಲಿ ಹೋಗಿದ್ದು ಅದೊಂದೇ. ಅವರ ಭಾಷೆಯಲ್ಲಿ ಅದು ಲಿಂಕ್ ರಾಡು. ಅರ್ಧ ಗಂಟೆಯಲ್ಲಿ ಹೊಸದು ಹಾಕಿ ಕಳಿಸಿದರು, ಸದ್ದು ನಿಂತಿತು.

ಅಂದಿನಿಂದ ಅವರ ಸುಣ್ಣದ ಬೊಟ್ಟಿನ ಪದ್ಧತಿ ನನಗೆ ಪರಿಚಯವಾಯಿತು. ಬೊಟ್ಟು ಬಿದ್ದದ್ದು ಬಿಚ್ಚುವುದು, ಬೀಳದ್ದು ಮುಟ್ಟುವಂತಿಲ್ಲ. ಚೀಟಿ ಬರೆಯುವ ಅಭ್ಯಾಸವೇ ಇರಲಿಲ್ಲ. “ಚೀಟಿ ಕಳ್ದೋಗುತ್ತೆ ಸಾರ್. ಗಾಡಿ ಎಲ್ ಕಳ್ದೋಗುತ್ತೆ?” ಎನ್ನುತ್ತಿದ್ದರು. ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಬಾಷಾ ಭಾಯ್‌ಗೆ ಇದೊಂದು ನಗೆಯ ವಿಷಯ. “ಸಬ್ ಮೆಕ್ಯಾನಿಕ್ ಲೋಗ್ ಕಸ್ಟಮರ್‌ಗೆ ಚೂನಾ ಹಚ್ತಾರೆ ಸಾಬ್. ಈ ಮುನಿಯಣ್ಣ ಒಬ್ರೇ ಗಾಡಿಗೆ ಹಚ್ಚೋದು,” ಎಂದು ಬಂದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ. ಅವನ ಮಾತಿನಲ್ಲಿ ಚೂನಾ, ಅಂದರೆ ಸುಣ್ಣ, ಹಚ್ಚುವುದೆಂದರೆ ಮೋಸ ಮಾಡುವುದು.

ಗಾಡಿಯ ಸಾಮಾನಿಗೆ ಮುನಿಯಪ್ಪನವರು ಬಳಸುತ್ತಿದ್ದುದು ಮೂರೇ ಮಾತು. ಇರ್ಲಿ, ಹೋಗಿದೆ, ಅಸಹ್ಯ. ಮೊದಲೆರಡು ನನಗೆ ಬೇಗ ಅರ್ಥವಾದವು. ಮೂರನೆಯದನ್ನು ಕೆಟ್ಟು ಕೆರ ಹಿಡಿದದ್ದಕ್ಕೆ ಹೇಳುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ಇನ್ನೊಂದು ದಿನ. ಇಂದಿರಾನಗರದಿಂದ ಯಾರೋ ದೊಡ್ಡ ಕಾರು ತಂದಿದ್ದರು. ಅದಕ್ಕೆ ಹಿಂದಿನ ತಿಂಗಳಷ್ಟೇ ಬೇರೆಲ್ಲೋ ಕೆಳಗಿನ ತೋಳಿನ ಬುಷ್ಷು ಎಂಬ ರಬ್ಬರ್ ಬಳೆಗಳನ್ನೆಲ್ಲ ಹೊಸದು ಹಾಕಿಸಿದ್ದರಂತೆ, ಆದರೂ ಸದ್ದು. ಮುನಿಯಪ್ಪನವರು ಒಂದು ಬುಷ್ಷಿನ ಮೇಲೆ ಉಗುರಿನಿಂದ ಗೀರಿದರು. ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಒಳಗೆ ಹಳೆಯ ಬಿರುಕು ರಬ್ಬರು ಹಾಗೇ ಇತ್ತು.

“ಅಸಹ್ಯ,” ಎಂದರು. ಬಾಯಲ್ಲಿದ್ದ ಎಲೆಯನ್ನು ಪೂರ್ತಿ ಉಗಿದು, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮತ್ತೊಮ್ಮೆ ಅದೇ ಮಾತು ಹೇಳಿದರು. ಕಾರಿನ ಯಜಮಾನರು ಸಿಟ್ಟಾಗಿ, ಎಲ್ಲ ಕಿತ್ತು ಹಾಕಿ, ಇದ್ದಬದ್ದದ್ದೆಲ್ಲ ಹೊಸದು ಹಾಕಿ ಎಂದರು. ಮುನಿಯಪ್ಪನವರು ಒಪ್ಪಲಿಲ್ಲ. ಎರಡಕ್ಕೆ ಮಾತ್ರ ಬೊಟ್ಟು ಇಟ್ಟರು. “ಮಿಕ್ಕಿದ್ದು ಕೆಲ್ಸ ಮಾಡ್ತಾ ಇದೆ ಸಾರ್. ಕೆಲ್ಸ ಮಾಡೋದನ್ನ ಕಿತ್ತು ಬಿಸಾಕಕ್ಕೆ ನಂಗೆ ಕೈ ಬರಲ್ಲ. ಬೇರೆ ಕಡೆ ಹೋಗಿ.”

ಅವರು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ, ಸವೆದು ಚಿಂದಿಯಾದದ್ದಕ್ಕೆ ಅಸಹ್ಯ ಎನ್ನುವುದಿಲ್ಲವೇ ಎಂದು.

“ಸವೆದಿರೋದು ಯಾಕ್ ಸಾರ್ ಅಸಹ್ಯ? ಪಾಪ, ಹೊತ್ತು ಹೊತ್ತು ಸವೆದಿದೆ. ಸವೆದಿರೋದನ್ನ ಮುಚ್ಚಿಟ್ಟು ಚೆನ್ನಾಗೈತೆ ಅಂತಾರಲ್ಲ, ಅದು ಅಸಹ್ಯ.” ಆಮೇಲೆ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಒಮ್ಮೆ ನೋಡಿ, “ಟೀ ಕುಡೀತೀರಾ?” ಎಂದರು.

ಈಗ ತಾನೇ ಆಯಿತು ಎಂದೆ. ಹೋದಾಗಲೆಲ್ಲ ಅದೇ ಸುಳ್ಳು ಹೇಳುತ್ತಿದ್ದೆ. ನನ್ನದು ಬರೀ ಲೋಟದ ಕೊಳೆಯ ಹೇಸಿಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಬುದ್ಧನ ಪಟದ ಕೆಳಗೆ ಕೂತ, ತಮ್ಮೂರಿನ ಹೋಟೆಲಿನಲ್ಲಿ ತಮ್ಮ ಜಾತಿಗೆಂದೇ ಬೇರೆ ಇಟ್ಟ ಲೋಟ ಕಂಡು ಬೆಳೆದ ಆ ಮನುಷ್ಯನಿಗೆ ಅದು ಹಾಗೆ ಕೇಳಿಸಿರಲಾರದು. ಅವರು ಕೇಳುವುದನ್ನು ಬಿಡಲಿಲ್ಲ, ನಾನು ಸುಳ್ಳು ಹೇಳುವುದನ್ನು ಬಿಡಲಿಲ್ಲ.

ಹೀಗೇ ಆರೇಳು ವರ್ಷ ನಡೆಯಿತು. ಕಾರಿಗೆ ವಯಸ್ಸಾಗುತ್ತಾ ಹೋಯಿತು, ಬೊಟ್ಟು ಮಾತ್ರ ಒಂದೋ ಎರಡೋ. ಹೋದ ವರ್ಷಕ್ಕೆ ಹಿಂದಿನ ವರ್ಷ, ಆಯುಧಪೂಜೆಗೆ ಎರಡು ದಿನ ಮುಂಚೆ, ಮತ್ತೆ ಸದ್ದು ಶುರುವಾಯಿತೆಂದು ಕಾರು ಒಯ್ದೆ. ಹಬ್ಬದ ಮುಂಚಿನ ದಿನಗಳು, ಗಲ್ಲಿಯ ತುಂಬ ಗಾಡಿ. ಮುನಿಯಪ್ಪನವರು ಪೂಜೆ ಮಾಡುವವರಲ್ಲ, ಹಬ್ಬದ ಮೇಲೆ ಅವರಿಗೆ ಸಿಟ್ಟೇ ಇತ್ತು. “ಗಾಡಿಗೆ ಹೂವ ಹಾಕ್ತಾರೆ, ಕುಂಬಳಕಾಯಿ ತಂದು ರೋಡಲ್ಲಿ ಒಡೀತಾರೆ, ಅದರ ಮೇಲೆ ಟೂ ವೀಲರ್ ಜಾರಿ ಬೀಳ್ತಾರೆ. ಗಾಡಿ ಕೆಳಗೆ ಬಗ್ಗಿ ನೋಡೋನು ಒಬ್ನೂ ಇಲ್ಲ,” ಎಂದು ಗೊಣಗುತ್ತಲೇ ನನ್ನ ಕಾರಿನ ಕೆಳಗೆ ಜಾರಿದರು. ನಾನು ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡುತ್ತಿದ್ದೆ. ಎರಡು ಲಿಂಕ್ ರಾಡಿಗೆ ಒಂದೊಂದು, ಬಲಗಡೆಯ ಬುಷ್ಷಿಗೆ ಒಂದು. ಮೂರು ಬೊಟ್ಟು ಕಂಡೆ. ಆ ಹೊತ್ತಿಗೆ ಫೋನ್ ಬಂತು, ಎದ್ದು ಮಾತಾಡುತ್ತಾ ಮೋರಿಯಿಂದ ದೂರ ಹೋಗಿ ನಿಂತೆ.

“ಅರ್ಜೆಂಟೇನಿಲ್ಲ. ಹಬ್ಬ ಮುಗೀಲಿ, ಸ್ಪೇರ್ ಅಂಗಡಿ ಎಲ್ಲ ಬಂದಾಗಿರ್ತವೆ. ಅಲ್ಲೀವರೆಗೂ ನಿಧಾನಕ್ಕೆ ಓಡ್ಸಿ,” ಎಂದರು. ಬೀಳ್ಕೊಡುವಾಗ ಬೆರಳು ತೋರಿಸಿ ಎಚ್ಚರಿಸಿದರು. “ಮೇಲ್ಗಡೆ ಬಟ್ಟೇಲಿ ಒರೆಸ್ಕಳಿ. ಕೆಳಗಡೆ ಮಾತ್ರ ನೀರು ಹೊಡೆಸ್ಬೇಡಿ.”

ಒಪ್ಪಿಕೊಂಡೆ. ಆದರೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾರನ್ನು ನೋಡಿದರೆ ಚಕ್ರದ ಗೂಡಿನಲ್ಲೆಲ್ಲ ಕೆಸರು ಹೆಪ್ಪುಗಟ್ಟಿತ್ತು. ಯಾವುದೋ ಸತ್ತ ಇಲಿಯ ಮೇಲೆ ಹಾಯ್ದಿದ್ದೆನೋ ಏನೋ, ವಾಸನೆ ಬೇರೆ. ಇಂಥದ್ದರ ಮುಂದೆ ನಿಂತು ಅರಿಶಿನ ಕುಂಕುಮ ಹಚ್ಚುವುದು ನನ್ನಿಂದ ಸಾಧ್ಯವಿರಲಿಲ್ಲ. ಲಿಂಗರಾಜಪುರದ ನಮ್ಮ ಮನೆಯ ಹತ್ತಿರವೇ ವಾಟರ್ ಸರ್ವಿಸ್ ಇದೆ. ಕಾರನ್ನು ಮೇಲೆತ್ತಿ, ಅಡಿಯಿಂದ ಜೋರಾಗಿ ನೀರು ಹೊಡೆಸಿದೆ. ಕೆಸರು ಕರಗಿ ಬೀಳುವುದನ್ನು ನೋಡಲು ಎಷ್ಟು ಹಿತವಾಗಿತ್ತೆಂದರೆ ಸುಣ್ಣದ ನೆನಪಾದದ್ದೇ ಎಲ್ಲ ಮುಗಿದ ಮೇಲೆ. ತಲೆಯೆತ್ತಿ ನೋಡಿದೆ. ಕಬ್ಬಿಣವೆಲ್ಲ ಕಪ್ಪಗೆ ಹೊಳೆಯುತ್ತಿತ್ತು, ಒಂದು ಬೊಟ್ಟೂ ಉಳಿದಿರಲಿಲ್ಲ.

“ಅವರಿಗೆ ಫೋನ್ ಮಾಡಿ ಹೇಳ್ಬಾರ್ದಾ? ಇನ್ನೊಂದ್ ಸಲ ನೋಡ್ತಾರೆ,” ಎಂದಳು ಸರೋಜ.

“ಬೈತಾರೆ ಕಣೇ. ಆ ಬಾಯಲ್ಲಿ ಬೈಸ್ಕೊಳ್ಳೋದು ಯಾರು?”

ಬೀಡಾ ಅಂಗಡಿಯಿಂದ ಸುಣ್ಣ ತಂದೆ. ಮನೆಯ ಮುಂದೆ ನೆಲಕ್ಕೆ ಪೇಪರ್ ಹಾಸಿ, ಲ್ಯಾಬಿನ ಗ್ಲೌಸ್ ಹಾಕಿಕೊಂಡು, ಕಾರಿನ ಕೆಳಗೆ ತಲೆ ತೂರಿಸಿ ನೆನಪಿದ್ದ ಹಾಗೆ ಬೊಟ್ಟು ಇಟ್ಟೆ. ಎರಡು ಲಿಂಕ್ ರಾಡಿಗೆ ಒಂದೊಂದು, ಬಲಗಡೆಯ ಬುಷ್ಷಿಗೆ ಒಂದು. ಎದ್ದು ಗ್ಲೌಸ್ ಬಿಚ್ಚಿ ಎಸೆದು ಸೋಪು ಹಾಕಿ ಕೈ ತೊಳೆದೆ. ನಮ್ಮ ಲ್ಯಾಬಿನಲ್ಲಿ ಟ್ಯೂಬಿನ ಲೇಬಲ್ ಬಿದ್ದು ಹೋದರೆ ಆ ರಕ್ತವನ್ನು ಚೆಲ್ಲಿ ಮತ್ತೆ ತೆಗೆಯಬೇಕು. ನೆನಪಿನಿಂದ ಹೆಸರು ಬರೆದ ಒಬ್ಬನನ್ನು ನಾನೇ ದೂರು ಕೊಟ್ಟು ಕೆಲಸದಿಂದ ತೆಗೆಸಿದ್ದೆ. ಅದು ಅವತ್ತು ನನ್ನ ತಲೆಗೆ ಬರಲೇ ಇಲ್ಲ. ಇದು ಬರೀ ಕಾರು, ಅದೂ ಮುನಿಯಪ್ಪನ ಎಂಜಲು ಸುಣ್ಣ ಎಂದುಕೊಂಡಿರಬೇಕು.

ಹಬ್ಬ ಮುಗಿದ ಮೇಲೆ ಹೋದೆ. ಮುನಿಯಪ್ಪನವರು ಕೆಳಗೆ ಜಾರಿ ಬೊಟ್ಟುಗಳನ್ನು ಎರಡು ಸಲ ಎಣಿಸಿದ್ದು ಕೇಳಿಸಿತು.

“ಮೂರೇನಾ?” ಎಂದರು ಕೊನೆಗೆ. “ನಾಲ್ಕು ಅಂತ ಇತ್ತಲ್ಲ ನನ್ ತಲೇಲಿ.”

ಆಗಲಾದರೂ ಹೇಳಬಹುದಿತ್ತು. ಅವರು ಕಾರಿನ ಕೆಳಗಿದ್ದರು, ಅವರ ಮುಖ ಕೂಡ ನನಗೆ ಕಾಣುತ್ತಿರಲಿಲ್ಲ. ನಾನು ಹೇಳಿದ್ದು ಇಷ್ಟು. “ಮೂರೇ ಮುನಿಯಪ್ಪ. ನಾನೇ ನೋಡಿದೀನಲ್ಲ.”

“ಹಂಗಾ? ಇನ್ಯಾವ್ದೋ ಗಾಡೀದಿರ್ಬೇಕು. ಹಬ್ಬದಲ್ಲಿ ಎಷ್ಟ್ ಗಾಡಿ ನೋಡಿದ್ನೋ,” ಎಂದು ಮೂರನ್ನೂ ಬದಲಾಯಿಸಿದರು. ಸದ್ದು ನಿಂತಿತು. ನನಗೆ ಗೆದ್ದಷ್ಟು ಖುಷಿಯಾಯಿತು.

ಶಿವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ ಸರೋಜಳನ್ನು ಕೂರಿಸಿಕೊಂಡು ಕೆ.ಆರ್. ಪುರದ ತೂಗು ಸೇತುವೆ ಇಳಿಯುತ್ತಿದ್ದೆ. ಟ್ರಾಫಿಕ್ ಇದ್ದದ್ದರಿಂದ ವೇಗವಿರಲಿಲ್ಲ, ಬದುಕಿದೆವು. ಚಿಕ್ಕದೊಂದು ಗುಂಡಿಗೆ ಇಳಿದು ಎದ್ದ ಕೂಡಲೇ ಲಟಕ್ಕೆಂದು ಸದ್ದಾಗಿ ಎಡಗಡೆಯ ಮುಂದಿನ ಚಕ್ರ ಹೊರಕ್ಕೆ ಮಗುಚಿ ಮಲಗಿಬಿಟ್ಟಿತು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು, ಕಾರು ನನ್ನ ಕೈಯಲ್ಲಿರಲಿಲ್ಲ. ಅಡ್ಡಡ್ಡ ಜಾರಿ ನಿಂತಿತು. ಹಿಂದಿನ ಬಸ್ಸು ಬ್ರೇಕ್ ಹಾಕಿ ಸರೋಜಳ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅವಳ ಹಣೆ ಮುಂದಕ್ಕೆ ಬಡಿದು ಊದಿಕೊಂಡಿತು. ಡ್ರೈವರ್ ಇಳಿದು ಬಂದು ಬಾಯಿಗೆ ಬಂದಂತೆ ಬೈದ. ನನಗೆ ಬೈಗುಳ ಒಂದೂ ಕಿವಿಗೆ ಬೀಳಲಿಲ್ಲ, ಬಸ್ಸಿನ ಇಂಜಿನ್ನಿನ ಬಿಸಿ ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತಿತ್ತು.

ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಮುನಿಯಪ್ಪನವರು ಬಾಷಾ ಭಾಯ್‌ನ ಸ್ಕೂಟರಿನಲ್ಲಿ ಹಿಂದೆ ಕೂತು ಬಂದರು. ಮೊದಲು ಸರೋಜಳ ಹಣೆ ನೋಡಿದರು. “ಅಮ್ಮಾ, ತಲೆ ಸುತ್ತುತ್ತಾ? ವಾಂತಿ ಏನಾದ್ರೂ?” ಇಲ್ಲ ಎಂದಳು. ಆಮೇಲೆ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತರು. ತೋಳಿನ ತುದಿಯಲ್ಲಿ ಚಕ್ರವನ್ನು ಹಿಡಿದಿರುವ ಗುಂಡು ಕೀಲು, ಅವರು ಬಾಲ್ ಜಾಯಿಂಟ್ ಎನ್ನುವುದು, ತನ್ನ ಗೂಡಿನಿಂದ ಕಿತ್ತು ಹೊರಗೆ ಬಂದಿತ್ತು. ಜಾಕ್ ಏರಿಸಿ ಅದನ್ನು ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು, ಫುಟ್‌ಪಾತಿನ ಮೇಲೆ ಕೂತುಬಿಟ್ಟರು.

“ಇದು ಒಂದಿನದ ಆಟ ಅಲ್ಲ ಸಾರ್. ಹಬ್ಬದ ಹೊತ್ಗೇ ಇತ್ತು. ನಾನು ನೋಡಿರ್ತೀನಿ. ನೋಡ್ದೇ ಇರಲ್ಲ. ನಂಗೆ ನಾಲ್ಕು ಅಂತ ನೆನಪೂ ಇತ್ತು.” ನನ್ನನ್ನು ನೋಡಿದರು. “ನೀವು ಮೂರು ಅಂದ್ರಿ. ಬೊಟ್ಟೂ ಮೂರೇ ಇತ್ತು. ಅಂದ್ರೆ, ನೋಡಿದೀನಿ, ಹಚ್ಚೋದು ಮರ್ತಿದೀನಿ. ಮರ್ತು, ಎಲ್ಲಾ ಸರಿ ಇದೆ ಅಂತ ಓಡ್ಸಕ್ಕೆ ಬಿಟ್ಟಿದೀನಿ.” ಕೀಲನ್ನು ನನ್ನ ಕೈಗೆ ಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡರು. “ಅಸಹ್ಯ.”

ಆ ಮಾತನ್ನು ಅವರು ತಮ್ಮ ಕೆಲಸಕ್ಕೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕೈಯಲ್ಲಿದ್ದ ಕೀಲನ್ನು ನೋಡಿದೆ. ಅದಕ್ಕೊಂದು ರಬ್ಬರಿನ ಟೋಪಿ ಇರುತ್ತದೆ, ಹರಿದು ಮಡಿಚಿಕೊಂಡಿತ್ತು. ಆ ಮಡಿಕೆಯೊಳಗೆ, ನೀರು ತಲುಪದ ಜಾಗದಲ್ಲಿ, ಒಣಗಿ ಕಲ್ಲಾದ ಒಂದು ಬಿಳಿ ಚುಕ್ಕೆ ಅಂಟಿಕೊಂಡಿತ್ತು.

ಮುನಿಯಪ್ಪನವರು ಆಚೆ ನೋಡುತ್ತಿದ್ದರು. ಬಾಷಾ ಭಾಯ್ ಕಾರು ಎಳೆಯುವ ಗಾಡಿ ಕರೆತರಲು ಹೋಗಿದ್ದ. ನಾನು ಹೆಬ್ಬೆರಳು ಒತ್ತಿ ಆ ಚುಕ್ಕೆಯನ್ನು ಉಜ್ಜಿದೆ. ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಉಜ್ಜಿದೆ. ಉಗುರಿನ ಸಂದಿಗೆಲ್ಲ ಗ್ರೀಸು ಹತ್ತಿತು. ಜೀವಮಾನದಲ್ಲಿ ನಾನಾಗಿಯೇ ಗ್ರೀಸು ಮುಟ್ಟಿದ್ದು ಅದೊಂದೇ ಸಲ, ಮತ್ತು ನನಗೆ ಸ್ವಲ್ಪವೂ ಹೇಸಿಗೆಯಾಗಲಿಲ್ಲ. ಅವತ್ತಿನ ನನ್ನನ್ನು ನೆನೆದರೆ ಈಗ ಆಗುವ ಹೇಸಿಗೆಯ ಮುಂದೆ ಆ ಮೋರಿಯ ಕೆಂಪು ಏನೂ ಅಲ್ಲ.

ಅಲ್ಲಿಂದಾಚೆ ಮುನಿಯಪ್ಪನವರು ಬೊಟ್ಟು ಇಡುವುದನ್ನು ಬಿಟ್ಟರು. ಇದು ಗೊತ್ತಾದದ್ದು ಫಿಲೋಮಿನಾಳಿಂದ. ನಂಬಲಾಗದೆ ಒಂದು ಶನಿವಾರ ನೆಪ ಮಾಡಿಕೊಂಡು ಹೋದೆ. ಶೆಡ್ಡಿನಲ್ಲಿ ಒಬ್ಬ ಆಟೋ ಡ್ರೈವರನ ಹಳೆಯ ವ್ಯಾನು ನಿಂತಿತ್ತು. ಮುನಿಯಪ್ಪನವರು ಕೆಳಗೆ ಜಾರದೆ, ಬರೀ ಬಗ್ಗಿ ನೋಡಿ ಎದ್ದು ನಿಂತರು.

“ಸೆಟ್ ಹಾಕ್ಬಿಡಣ ಕಣಪ್ಪ. ಎಲ್ಲಾ ಹೊಸದು.”

“ಎಲ್ಲಾನಾ? ಅಣ್ಣ, ನೀವೇ ಹೋದ್ಸಲ ಇರ್ಲಿ ಇರ್ಲಿ ಅಂದಿದ್ರಿ.”

“ಅಂದಿದ್ದೆ. ಈಗ ನಂಗೆ ಗೊತ್ತಾಗಲ್ಲ.”

ಅವನು ವ್ಯಾನು ತೆಗೆದುಕೊಂಡು ಹೊರಟುಹೋದ. ಕಲ್ಯಾಣ ನಗರದ ಟೈ ಹುಡುಗ ಹೇಳಿದ್ದ ಮಾತನ್ನೇ ಮುನಿಯಪ್ಪನವರ ಬಾಯಲ್ಲಿ ಕೇಳಿದೆ. ಆ ಬಾಯಿ ಮೊದಲಿನಂತೆ ಒದ್ದೆಯೂ ಇರಲಿಲ್ಲ. ಎಲೆ ಹಾಕುವುದನ್ನೇ ಕಡಿಮೆ ಮಾಡಿದ್ದರು. ಬಾಷಾ ಭಾಯ್ ನನ್ನನ್ನು ಪಕ್ಕಕ್ಕೆ ಕರೆದ. “ಒಂದೊಂದು ನಟ್ಟು ನಾಲ್ಕ್ ಸಲ ಟೈಟ್ ಮಾಡ್ತಾರೆ ಸಾಬ್. ಮತ್ತೆ ಬಂದು, ಟೈಟ್ ಮಾಡಿದ್ನಾ ಅಂತ ನನ್ನನ್ನೇ ಕೇಳ್ತಾರೆ. ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಕಣ್ಣು ಫಸ್ಟ್ ಕ್ಲಾಸ್ ಅಂದ್ರು. ಉಸ್‌ಕೆ ಬಾದ್ ತಲೇನೇ ಕೆಟ್ಟಿದೆ ಅಂತ ಇನ್ನೂ ಹೆದರ್ಕೊಂಡಿದ್ದಾರೆ.”

ಹೇಳಿಬಿಡಬೇಕು ಎಂದುಕೊಂಡವನು ಹೇಳದೆ ಬಂದೆ. ಮತ್ತೆ ಎರಡು ಸಲ ಹಾಗೆಯೇ ಆಯಿತು. ಪ್ರತಿ ಸಲವೂ ಅವರು ಟೀ ಕೇಳಿದರು. ಕೊನೆಯ ಸಲ ಕುಡಿದೆ. ಏನು ಪ್ರಯೋಜನ.

ಹೋದ ಆಷಾಢದಲ್ಲಿ, ಒಂದು ಬೆಳಿಗ್ಗೆ, ನಮ್ಮ ಲ್ಯಾಬಿನ ಪರದೆ ಸರಿಸಿಕೊಂಡು ಮುನಿಯಪ್ಪನವರೇ ಒಳಗೆ ಬಂದರು. ಒಗೆದ ಬಿಳಿ ಅಂಗಿ, ಬಾಯಿ ಸ್ವಚ್ಛ. ನಾನು ಯಾವತ್ತೂ ಬಯಸಿದ್ದ ಆ ಸ್ವಚ್ಛ ಬಾಯಿ ನೋಡಲಾಗಲಿಲ್ಲ. ಕೈಯಲ್ಲಿ ಡಾಕ್ಟರ ಚೀಟಿ. ಮರೆವಿನ ಕಾಯಿಲೆಗೆ ಮೊದಲು ಬರೆದುಕೊಡುವ ಪರೀಕ್ಷೆಗಳೇ ಅದರಲ್ಲಿದ್ದವು.

“ನೀವಿರೋ ಜಾಗ ಅಂತ ಇಲ್ಲಿಗೇ ಬಂದೆ ಸಾರ್. ನಮ್ಮವ್ವಂಗೆ ಕೊನೇಲಿ ಹಿಂಗೇ ಆಗಿತ್ತು, ನನ್ನ ಹೆಸ್ರೇ ಮರ್ತಿದ್ಲು. ಈಗ ನನ್ ತಲೇಲೂ ಆಟ ಬಂದೈತೆ. ಶೆಡ್ ಬಿಟ್ಕೊಡಣ ಅಂತ ಮಾತಾಡಿದೀನಿ. ಈ ತಿಂಗಳೇ ಕೊನೆ.”

ತೋಳಿಗೆ ಪಟ್ಟಿ ಕಟ್ಟಿದೆ. ಅವರ ರಕ್ತನಾಳ ಹಗ್ಗದಂತೆ ಎದ್ದು ನಿಂತಿತು. ರಕ್ತ ತೆಗೆದು, ಹತ್ತಿ ಒತ್ತಿ, ಗ್ಲೌಸ್ ಬಿಚ್ಚಿ, ಲೇಬಲ್ ಬರೆಯಲು ಕೂತೆ. ಪೆನ್ನು ಹಿಡಿದು, ನಿಯಮದಂತೆ ಕೇಳಿದೆ. “ಹೆಸರು ಹೇಳಿ.”

“ಗೊತ್ತಲ್ಲ ಸಾರ್ ನಿಮ್ಗೆ!” ಎಂದು ನಕ್ಕರು. “ಚಿಕ್ಕಮುನಿಯಪ್ಪ. ಸರಿಯಾಗ್ ಬರೀರಿ. ಇನ್ನೊಬ್ರ ಕಾಯಿಲೆ ನಂಗೆ ಬಂದ್ಬಿಟ್ಟಾತು.”

ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ವಾಟರ್ ಸರ್ವಿಸ್, ಬೀಡಾ ಅಂಗಡಿಯ ಸುಣ್ಣ, ಗ್ಲೌಸು, ಮೂರು ಬೊಟ್ಟು. ಸೇತುವೆಯ ಬಳಿ ರಬ್ಬರಿನ ಮಡಿಕೆಯಲ್ಲಿ ಕಂಡ ಚುಕ್ಕೆಯನ್ನೂ, ಅದನ್ನು ಉಜ್ಜಿ ಅಳಿಸಿದ್ದನ್ನೂ ಹೇಳಿದೆ. ಹೇಳುವಷ್ಟೂ ಹೊತ್ತು ಅವರು ಮೊಣಕೈ ಮಡಿಸಿ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಕೂತಿದ್ದರು.

“ನಾಲ್ಕಿತ್ತು,” ಎಂದರು.

“ನಾಲ್ಕಿತ್ತು.”

“ಎಡಗಡೆ ಬಾಲ್ ಜಾಯಿಂಟಿಗೆ ನಾನು ಹಚ್ಚಿದ್ದೆ.”

“ಹಚ್ಚಿದ್ರಿ.”

ಅವರ ಕಣ್ಣುಗಳು ತುಂಬಿ ಬಂದವು. ನನಗಾಗಿ ಅಲ್ಲ, ಅದು ಸ್ಪಷ್ಟವಾಗಿತ್ತು. ತಮ್ಮ ತಲೆಯನ್ನು ತಮಗೆ ಯಾರೋ ವಾಪಸು ಕೊಟ್ಟ ಹಾಗೆ ಎರಡೂ ಕೈಯಿಂದ ತಲೆ ಸವರಿಕೊಂಡರು. ಹತ್ತಿ ಕೆಳಗೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಬುಷ್ಷಿನ ಮೇಲಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೀಳುವಾಗ ನೋಡುತ್ತಿದ್ದ ಹಾಗೆ ನೋಡಿದರು.

“ಯಾವ್ ಬೆರಳು?”

ನನಗೆ ಅರ್ಥವಾಗಲಿಲ್ಲ.

“ಉಜ್ಜಿದ್ದು ಯಾವ್ ಬೆರಳಲ್ಲಿ?”

ಬಲಗೈಯ ಹೆಬ್ಬೆರಳು ತೋರಿಸಿದೆ. ಅವರು ಜೇಬಿಗೆ ಕೈ ಹಾಕಿದರು. ಎಲೆ ಬಿಟ್ಟಿದ್ದರೂ ಡಬ್ಬಿ ಬಿಟ್ಟಿರಲಿಲ್ಲ. ಮುಚ್ಚಳ ತೆಗೆದು, ಅದೇ ಬೆರಳಿನ ತುದಿಗೆ ಸುಣ್ಣ ತೆಗೆದುಕೊಂಡು, ನನ್ನ ಹೆಬ್ಬೆರಳಿನ ಮೇಲೆ ಒಂದು ಬೊಟ್ಟು ಇಟ್ಟರು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಅಸಹ್ಯ ಸಾರ್,” ಎಂದರು. ದನಿ ಏರಿಸಲಿಲ್ಲ, ಸಿಟ್ಟೂ ಇರಲಿಲ್ಲ. ಎದ್ದು ಅಂಗಿಯ ತೋಳು ಇಳಿಸಿಕೊಂಡರು. “ಆ ರಕ್ತ ಚೆಲ್ಬಿಡಿ, ಬೇಕಾಗಿಲ್ಲ. ನಾಳೆ ಶೆಡ್ ತೆಗೀತೀನಿ. ನೀವು ಮಾತ್ರ ಬರ್ಬೇಡಿ.”

ಪರದೆ ಸರಿಸಿ ಹೋದರು. ಈಗಲೂ ಅವರು ಬೊಟ್ಟು ಇಡುತ್ತಾರೆಂದು ಫಿಲೋಮಿನಾ ಹೇಳುತ್ತಾಳೆ, ಮೋರಿಯ ಕಲ್ಲು ಮತ್ತೆ ಕೆಂಪಾಗಿದೆಯಂತೆ. ನನ್ನ ಕಾರಿಗೆ ಕಲ್ಯಾಣ ನಗರದಲ್ಲಿ ಫುಲ್ ಸೆಟ್ ಹಾಕಿಸಿದ್ದೇನೆ. ಎಲ್ಲಿಯೂ ಆಟವಿಲ್ಲ, ಸದ್ದೂ ಇಲ್ಲ. ನಾನು ಮರ್ಫಿ ಟೌನಿನ ಕಡೆ ಹೋಗುವುದಿಲ್ಲ.

ಅವತ್ತು ಅವರು ಹೋದ ಮೇಲೆ ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಮುಂದಿನವರ ಕೈ ಮುಟ್ಟುವ ಮೊದಲು ನಮ್ಮ ಕೈ ತೊಳೆಯಬೇಕು, ಅದು ನಿಯಮ. ನಲ್ಲಿ ತಿರುಗಿಸಿ ಹೆಬ್ಬೆರಳು ಒಡ್ಡಿದೆ. ಉಜ್ಜಬೇಕಾಗಿಯೂ ಬರಲಿಲ್ಲ, ನೀರು ಬಿದ್ದ ಕೂಡಲೇ ಬೊಟ್ಟು ಹೋಯಿತು.